ಅಕ್ಕಿ ರೊಟ್ಟಿ ಬಿಟ್ಟರೆ ಮೈ ಕಟ್ಟು ಬರುತ್ತಾ?

ಪ್ರಶ್ನೆ: ಮೇಡಂ, ನಾನು ಕೊಡಗಿನ ಗೋಣಿಕೊಪ್ಪದ ಹತ್ತಿರದವನು. ವಯಸ್ಸು 26, ತೂಕ 72 ಕೆಜಿ. ಮೂರು ವರ್ಷದಿಂದ ಸಂಜೆ ಹೊತ್ತು ಜಿಮ್‌ಗೆ ಹೋಗುತ್ತಿದ್ದೇನೆ. ನಾಲ್ಕು ತಿಂಗಳಲ್ಲಿ ಒಂದು ಬಾಡಿಬಿಲ್ಡಿಂಗ್ ಸ್ಪರ್ಧೆಗೆ ಇಳಿಯುವ ಆಸೆ. ಕೋಚ್ ಅಕ್ಕಿಯದ್ದೆಲ್ಲ ಬಿಡಿಸಿದ್ದಾರೆ. ಓಟ್ಸ್, ಸಿಹಿ ಗೆಣಸು, ಸ್ವಲ್ಪ ಬ್ರೌನ್ ರೈಸ್ ಅಷ್ಟೇ. ಮೊದಲ ವಾರವೇ ಎರಡೂವರೆ ಕೆಜಿ ಇಳಿಯಿತು. ಈಗ ಸ್ಕ್ವಾಟ್ ಮಾಡಲು ಬಲ ಇಲ್ಲ, ಪಂಪ್ (ವ್ಯಾಯಾಮದಲ್ಲಿ ಸ್ನಾಯು ಉಬ್ಬುವುದು) ಬರುತ್ತಿಲ್ಲ. ಮೊನ್ನೆ ನೆಂಟರ ಮದುವೆಯಲ್ಲಿ ಚೆನ್ನಾಗಿ ಊಟ ಮಾಡಿದೆ, ಮರುದಿನ ಒಂದೂವರೆ ಕೆಜಿ ಏರಿತ್ತು. ಅವ್ವ ಬೆಳಿಗ್ಗೆ ಅಕ್ಕಿ ರೊಟ್ಟಿ, ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಮಾಡುತ್ತಾರೆ, ನಾನು ಮುಟ್ಟಲ್ಲ ಅಂತ ಬೇಜಾರು. ಅಪ್ಪನಿಗೆ ಶುಗರ್ ಇದೆ, ಅವರೂ ಅದನ್ನೇ ತಿನ್ನುತ್ತಾರೆ. ಸಕ್ಕರೆ ಬದಲು ಜೇನು ತಗೊಂಡರೆ ಆಗುತ್ತಾ? ತೂಕ ಏರಿಸುವ ಮಾಸ್ ಗೇನರ್ ಪುಡಿ ಬೇಕಾ? ಒಂದೊಂದು ಥರದ ಕಾರ್ಬ್ (ಕಾರ್ಬೋಹೈಡ್ರೇಟ್) ದೇಹಕ್ಕೆ ಒಂದೊಂದು ಥರ ಕೆಲಸ ಮಾಡುತ್ತಾ, ಅಥವಾ ಎಲ್ಲ ಒಂದೇನಾ?

ಉತ್ತರ: ಅಕ್ಕಿ ರೊಟ್ಟಿ ಬಿಡಬೇಕಾಗಿಲ್ಲ. ಅವ್ವನಿಗೆ ಇವತ್ತೇ ಹೇಳಿಬಿಡಿ. ಎಷ್ಟು ತಿನ್ನಬೇಕು, ಯಾವಾಗ ತಿನ್ನಬೇಕು, ಜೊತೆಗೆ ಏನಿರಬೇಕು ಅನ್ನುವುದನ್ನು ಮಾತ್ರ ಸರಿಮಾಡಿಕೊಳ್ಳಬೇಕು.

ನಿಮ್ಮ ಕೋಚ್ ಹೇಳಿದ್ದು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಓಟ್ಸ್, ಗೆಣಸು ಒಳ್ಳೆಯ ಆಹಾರವೇ. ಆದರೆ ಕಾರ್ಬ್‌ಗಳನ್ನು 'ಒಳ್ಳೆಯದು', 'ಕೆಟ್ಟದ್ದು' ಅಂತ ಎರಡು ಸಾಲಿನಲ್ಲಿ ನಿಲ್ಲಿಸಿದರೆ ಒಂದು ದೊಡ್ಡ ವಿಷಯ ಕೈತಪ್ಪುತ್ತದೆ. ಕಾರ್ಬ್ ಯಾವ ಜಾತಿಯದ್ದು ಅನ್ನುವುದಕ್ಕಿಂತ, ಅದು ಹೋಗಿ ಸೇರಬೇಕಾದ ಜಾಗ ಖಾಲಿ ಇದೆಯಾ ಅನ್ನುವುದು ಮುಖ್ಯ. ನಿಮ್ಮ ಮನೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಅದೇ ರೊಟ್ಟಿಯನ್ನು ಅಪ್ಪನೂ ತಿನ್ನುತ್ತಾರೆ, ನೀವೂ ತಿನ್ನಬಹುದು. ಎರಡು ದೇಹದಲ್ಲಿ ಅದರ ಕಥೆ ಬೇರೆ ಬೇರೆ.

ಅಕ್ಕಿ, ರಾಗಿ, ಓಟ್ಸ್, ಗೆಣಸು ಯಾವುದೇ ಇರಲಿ, ಅದರಲ್ಲಿರುವ ಪಿಷ್ಟ ಸಣ್ಣ ಕರುಳಿನಲ್ಲಿ ಒಡೆದು ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಇಳಿಯುತ್ತದೆ. ರಕ್ತಕ್ಕೆ ಬಂದ ಮೇಲೆ ಅದು ಓಟ್ಸ್‌ನಿಂದ ಬಂತಾ, ಅಕ್ಕಿ ತರಿಯ ಉಂಡೆ ಕಡಂಬುಟ್ಟಿನಿಂದ ಬಂತಾ ಅಂತ ಸ್ನಾಯುವಿಗೆ ಗೊತ್ತಾಗುವುದೇ ಇಲ್ಲ. ಎಷ್ಟು ಬೇಗ ಬಂತು, ಜೊತೆಗೆ ನಾರು, ಪ್ರೋಟೀನ್, ಕೊಬ್ಬು ಏನೇನು ಬಂತು ಅನ್ನುವುದರಲ್ಲಿ ವ್ಯತ್ಯಾಸ ಇದೆ. ಹಣ್ಣು, ಜೇನು, ಸಕ್ಕರೆಯಲ್ಲಿರುವ ಫ್ರಕ್ಟೋಸ್ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಒಟ್ಟು ನಾಲ್ಕೈದು ಗ್ರಾಂ ಅಷ್ಟೇ. ಒಂದು ಚಮಚ ಸಕ್ಕರೆಯಷ್ಟು. ಒಂದು ತಟ್ಟೆ ಅನ್ನದಿಂದ 70 ಗ್ರಾಂ ಬಂದರೆ ಅದನ್ನು ಎಲ್ಲಾದರೂ ಇಡಬೇಕಲ್ಲ? ಹಳೆಯ ಮನೆಗಳಲ್ಲಿ ಭತ್ತ ತುಂಬಿಡುವ ಪತ್ತಾಯ ಇತ್ತಲ್ವಾ, ದೇಹದಲ್ಲೂ ಅಂಥ ಎರಡು ಪತ್ತಾಯ ಇವೆ. ಒಂದು ಲಿವರ್, ಇನ್ನೊಂದು ಸ್ನಾಯು. ಎರಡರಲ್ಲೂ ಗ್ಲೂಕೋಸ್ ಸರಪಳಿಯಾಗಿ ಜೋಡಿಸಿಕೊಂಡು ಗ್ಲೈಕೋಜನ್ ಆಗಿ ಕೂರುತ್ತದೆ. ಲಿವರ್‌ನಲ್ಲಿ ಸುಮಾರು 80ರಿಂದ 100 ಗ್ರಾಂ. ನಿಮ್ಮಂಥ ಮೈಕಟ್ಟಿನವರ ಸ್ನಾಯುಗಳಲ್ಲಿ ಎಲ್ಲ ಸೇರಿ 400ರಿಂದ 500 ಗ್ರಾಂ.

ಇವೆರಡರ ಸ್ವಭಾವ ಬೇರೆ. ಲಿವರ್ ಊರಿಗೆಲ್ಲ ಹಂಚುತ್ತದೆ. ನೀವು ರಾತ್ರಿ ಮಲಗಿದಾಗ ಮೆದುಳಿಗೆ ಗ್ಲೂಕೋಸ್ ಕೊಡುವುದು ಅದೇ. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಹಾಗಾಗಿ ಬೆಳಿಗ್ಗೆ ಏಳುವಾಗ ಲಿವರ್ ಸಾಕಷ್ಟು ಖಾಲಿ. ಸ್ನಾಯು ಹಾಗಲ್ಲ. ಒಳಗೆ ಹೋದ ಗ್ಲೂಕೋಸನ್ನು ಮತ್ತೆ ರಕ್ತಕ್ಕೆ ಬಿಡಲು ಬೇಕಾದ ಎನ್‌ಜೈಮ್ ಅದರಲ್ಲಿ ಇಲ್ಲ. ಕಾಲಿನ ಸ್ನಾಯುವಿಗೆ ಹೋದದ್ದು ಕಾಲಿಗೇ. ತೋಳಿಗೆ ಸಾಲ ಕೊಡುವುದಿಲ್ಲ. ಖಾಲಿ ಮಾಡಬೇಕು ಅಂದರೆ ಆ ಸ್ನಾಯು ಕೆಲಸ ಮಾಡಲೇಬೇಕು.

ಜಿಮ್‌ನಲ್ಲಿ ನೀವು ಮಾಡುವುದು ಅದನ್ನೇ. ಎಂಟರಿಂದ ಹನ್ನೆರಡು ರೆಪ್ಸ್‌ನ ಸೆಟ್‌ಗಳಿಗೆ ಕೊಬ್ಬು ಅಷ್ಟು ಬೇಗ ಶಕ್ತಿ ಕೊಡಲಾರದು, ಗ್ಲೈಕೋಜನ್ನೇ ಬೇಕು. ಒಂದು ಒಳ್ಳೆಯ ಲೆಗ್ ಡೇ ಮುಗಿದಾಗ ದುಡಿದ ಸ್ನಾಯುವಿನಲ್ಲಿ ಸುಮಾರು 25ರಿಂದ 40 ಶೇಕಡಾ ಗ್ಲೈಕೋಜನ್ ಇಳಿದಿರುತ್ತದೆ. ಪೂರ್ತಿ ಖಾಲಿ ಆಗುವುದಿಲ್ಲ. ಒಂದು ಗಂಟೆ ಡಂಬೆಲ್ ಎತ್ತಿದ್ದಕ್ಕೆ ಮ್ಯಾರಥಾನ್ ಓಡಿದವರ ಹಾಗೆ ಕಾರ್ಬ್ ತುಂಬಿಕೊಳ್ಳುವವರು ಇದನ್ನು ನೆನಪಿಡಬೇಕು.

ಈಗ ನಿಮ್ಮ ಎರಡೂವರೆ ಕೆಜಿಯ ವಿಷಯ. ಗ್ಲೈಕೋಜನ್ ಒಂಟಿಯಾಗಿ ಕೂರುವುದಿಲ್ಲ. ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. ಕಾರ್ಬ್ ಒಮ್ಮೆಲೇ ಇಳಿಸಿದಾಗ 400 ಗ್ರಾಂ ಗ್ಲೈಕೋಜನ್ ಹೋಯಿತು ಅಂದುಕೊಳ್ಳಿ. ಜೊತೆಗೆ 1200 ಗ್ರಾಂ ನೀರು. ಅಲ್ಲಿಗೇ 1.6 ಕೆಜಿ. ಕಾರ್ಬ್ ಕಡಿಮೆಯಾಗಿ ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನೂ ಜಾಸ್ತಿ ಹೊರಹಾಕುತ್ತದೆ, ಅದರ ಹಿಂದೆ ಇನ್ನಷ್ಟು ನೀರು ಹೋಗುತ್ತದೆ. ಕರುಳಿನಲ್ಲಿ ಇರುವ ಊಟದ ತೂಕವೂ ಕಡಿಮೆ. ಲೆಕ್ಕ ಮುಗಿಯಿತು. ಅದರಲ್ಲಿ ಕೊಬ್ಬು ಇದ್ದದ್ದು ಸ್ವಲ್ಪವೇ.

ಮದುವೆ ಊಟದ ಮರುದಿನ ಏರಿದ್ದೂ ಇದೇ ಲೆಕ್ಕ, ಉಲ್ಟಾ ದಿಕ್ಕಿನಲ್ಲಿ. ಒಂದು ಕೆಜಿ ಕೊಬ್ಬು ಸೇರಲು ಸುಮಾರು 7700 ಕ್ಯಾಲರಿ ಹೆಚ್ಚುವರಿ ಬೇಕು. ಒಂದೂವರೆ ಕೆಜಿಗೆ 11,500. ನಮ್ಮ ಕಡೆಯ ಮದುವೆ ಊಟ ಎಷ್ಟೇ ಜೋರಾಗಿದ್ದರೂ ದಿನದ ಖರ್ಚು ಕಳೆದು ಅಷ್ಟು ಮಿಗಿಸುವುದು ಕಷ್ಟ. ನಿಮ್ಮ ಸ್ನಾಯು ಬರಗಾಲದಲ್ಲಿತ್ತು, ಅನ್ನ ಸಿಕ್ಕಿತು, ತುಂಬಿಕೊಂಡಿತು. ಮರುದಿನ ಜಿಮ್‌ಗೆ ಹೋಗಿದ್ದರೆ ಪಂಪ್ ಹೇಗಿತ್ತು ಅಂತ ಬರೆದಿಲ್ಲ ನೀವು. ಚೆನ್ನಾಗಿಯೇ ಇದ್ದಿರಬೇಕು!

ಸ್ನಾಯು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ಜೀವಕೋಶದ ಮೈಮೇಲೆ ಗ್ಲುಟ್-4 ಅನ್ನುವ ಬಾಗಿಲುಗಳು ಬೇಕು. ಸುಮ್ನೆ ಕೂತಿದ್ದಾಗ ಇವು ಹೆಚ್ಚಾಗಿ ಕೋಶದ ಒಳಗೇ ಮಡಚಿಕೊಂಡಿರುತ್ತವೆ. ಇನ್ಸುಲಿನ್ ಬಂದು ತಟ್ಟಿದರೆ ಮೇಲೆ ಬರುತ್ತವೆ. ಸ್ನಾಯು ಕುಗ್ಗಿ ಹಿಗ್ಗಿ ದುಡಿದರೂ ಮೇಲೆ ಬರುತ್ತವೆ, ಅದಕ್ಕೆ ಇನ್ಸುಲಿನ್ ಬೇಕಾಗಿಲ್ಲ. ವ್ಯಾಯಾಮ ಆದ ಮೇಲೂ ಒಂದು ದಿನ, ಕೆಲವೊಮ್ಮೆ ಎರಡು ದಿನ, ಆ ಸ್ನಾಯು ಇನ್ಸುಲಿನ್‌ನ ಮಾತು ಬೇಗ ಕೇಳುತ್ತದೆ.

ನಿಮ್ಮ ಅಪ್ಪನಿಗೆ ಟೈಪ್ 2 ಮಧುಮೇಹ ಇದೆ ಅಂದುಕೊಂಡು ಹೇಳುತ್ತೇನೆ. ಅವರ ಸ್ನಾಯು ಇನ್ಸುಲಿನ್‌ಗೆ ಸರಿಯಾಗಿ ಓಗೊಡುತ್ತಿಲ್ಲ. ಪತ್ತಾಯದಲ್ಲಿ ಜಾಗ ಕಡಿಮೆ, ಬಾಗಿಲೂ ಅರ್ಧ ಮುಚ್ಚಿದೆ. ಎರಡು ರೊಟ್ಟಿಯ ಗ್ಲೂಕೋಸ್ ರಕ್ತದಲ್ಲೇ ಸುತ್ತುತ್ತದೆ. ಹಿಂದಿನ ಸಂಜೆ ಕಾಲಿಗೆ ದುಡಿಮೆ ಕೊಟ್ಟ ನಿಮ್ಮ ದೇಹದಲ್ಲಿ ಅದೇ ಎರಡು ರೊಟ್ಟಿ ತೊಡೆಗೆ ಹೋಗಿ ಸೇರುತ್ತದೆ. ರೊಟ್ಟಿಯ ಮೇಲೆ ಆರೋಪ ಹೊರಿಸುವ ಮುಂಚೆ ತಿನ್ನುವವರು ಯಾರು ಅಂತ ನೋಡಬೇಕು.

ಹಾಗಾದರೆ ಕಾರ್ಬ್‌ಗಳ ನಡುವೆ ವ್ಯತ್ಯಾಸವೇ ಇಲ್ಲವಾ? ಇದೆ.

ಎಲ್ಲರೂ ಹೇಳುವ ಗ್ಲೈಸಿಮಿಕ್ ಇಂಡೆಕ್ಸ್‌ನಿಂದ ಶುರು ಮಾಡೋಣ. ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು 1981ರಲ್ಲಿ ಇದನ್ನು ಮುಂದಿಟ್ಟರು. ಒಂದು ಆಹಾರದಿಂದ ಸಾಮಾನ್ಯವಾಗಿ 50 ಗ್ರಾಂ ಕಾರ್ಬ್ ಬರುವಷ್ಟು ಖಾಲಿ ಹೊಟ್ಟೆಗೆ ಕೊಟ್ಟು, ಎರಡು ಗಂಟೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಅಂತ ಅಳೆಯುತ್ತಾರೆ. ಗ್ಲೂಕೋಸ್‌ಗೆ 100 ಅಂಕ. ಬೇಳೆಕಾಳು 30ರ ಆಸುಪಾಸು. ಸಕ್ಕರೆ ಸುಮಾರು 65. ಬಿಳಿ ಅಕ್ಕಿ? ಅದಕ್ಕೆ ಒಂದೇ ಅಂಕ ಇಲ್ಲ. ತಳಿ ನೋಡಿ 60ರಿಂದ 90ರವರೆಗೂ ಹೋಗುತ್ತದೆ.

ಏಕೆಂದರೆ ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಅಮೈಲೋಸ್ ಉದ್ದನೆಯ ಸರಪಳಿ, ಬಿಗಿಯಾಗಿ ಸುರುಳಿ ಸುತ್ತಿಕೊಂಡಿರುತ್ತದೆ, ಜೀರ್ಣವಾಗಲು ಹೊತ್ತು ಹಿಡಿಯುತ್ತದೆ. ಅಮೈಲೋಪೆಕ್ಟಿನ್ ಕವಲು ಕವಲಾಗಿರುತ್ತದೆ, ಎನ್‌ಜೈಮ್‌ಗಳಿಗೆ ಕಡಿಯಲು ತುದಿಗಳು ಜಾಸ್ತಿ, ಬೇಗ ಕರಗುತ್ತದೆ. ಬೆಂದ ಮೇಲೆ ಉದುರುದುರಾಗಿ ನಿಲ್ಲುವ ಅಕ್ಕಿಯಲ್ಲಿ ಸಾಮಾನ್ಯವಾಗಿ ಅಮೈಲೋಸ್ ಹೆಚ್ಚು, ಅಂಟುವ ಅಕ್ಕಿಯಲ್ಲಿ ಕಡಿಮೆ. ಕುಸುಬಲಕ್ಕಿ ಮಾಮೂಲಿ ಬೆಳ್ತಿಗೆ ಅಕ್ಕಿಗಿಂತ ಸ್ವಲ್ಪ ನಿಧಾನ. ಮತ್ತೆ, ಹೇಗೆ ಅಡುಗೆ ಮಾಡಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕಾಳು ಇಡಿಯಾಗಿದ್ದರೆ ನಿಧಾನ, ನುಣ್ಣಗೆ ಹಿಟ್ಟಾದಷ್ಟೂ ಬೇಗ. ಹಾಗಾಗಿ ತರಿಯಿಂದ ಮಾಡಿದ ಕಡಂಬುಟ್ಟು, ಪಾಪುಟ್ಟು ಒಂದು ಕಡೆ, ನುಣ್ಣಗಿನ ಹಿಟ್ಟಿನ ರೊಟ್ಟಿ ಇನ್ನೊಂದು ಕಡೆ. ಆದರೆ ಈ ವ್ಯತ್ಯಾಸಕ್ಕಾಗಿ ಮನೆಯಲ್ಲಿ ಜಗಳ ಮಾಡಬೇಡಿ. ಅಷ್ಟು ದೊಡ್ಡದಲ್ಲ.

ಯಾಕೆ ಅಂದರೆ ಅಕ್ಕಿ ರೊಟ್ಟಿಯನ್ನು ಬರೀ ರೊಟ್ಟಿಯಾಗಿ ಯಾರು ತಿನ್ನುತ್ತಾರೆ? ಎಳ್ಳು ಪಜ್ಜಿ (ಚಟ್ನಿ) ಇರುತ್ತದೆ, ಮೊಟ್ಟೆ ಇರುತ್ತದೆ, ಪಂದಿ ಕರಿ (ಹಂದಿ ಮಾಂಸದ ಸಾರು) ಇರುತ್ತದೆ. ಪ್ರೋಟೀನ್, ಕೊಬ್ಬು, ಹುಳಿ ಸೇರಿದರೆ ಹೊಟ್ಟೆಯಿಂದ ಕರುಳಿಗೆ ಇಳಿಯುವುದೇ ನಿಧಾನವಾಗುತ್ತದೆ. ಪುಸ್ತಕದಲ್ಲಿರುವ ಅಂಕಿ ಅಲ್ಲಿಗೆ ಕೆಲಸಕ್ಕೆ ಬರುವುದಿಲ್ಲ.

ಪಂದಿ ಕರಿ ಅಂದಾಗ ಒಂದು ಮಾತು. ಕಟ್ಟಿಂಗ್ (ಕೊಬ್ಬು ಇಳಿಸುವುದು) ಮಾಡುವ ಹುಡುಗರು 'ಕಡಂಬುಟ್ಟು ತಿಂದೆ, ದಪ್ಪ ಆದೆ' ಅನ್ನುತ್ತಾರೆ. ಕೈಲ್‌ಪೊಳ್ದ್ ಹಬ್ಬದ ದಿನ ನಾಲ್ಕು ಕಡಂಬುಟ್ಟಿನ ಜೊತೆ ಎಷ್ಟು ನೆಣ ಒಳಗೆ ಹೋಯಿತು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಗ್ರಾಂ ಕಾರ್ಬ್‌ಗೆ 4 ಕ್ಯಾಲರಿ, ಕೊಬ್ಬಿಗೆ 9, ಮದ್ಯಸಾರಕ್ಕೆ 7. ತಪ್ಪು ನೆಣದ್ದು, ಬೈಗುಳ ಅಕ್ಕಿಗೆ. ಕಾರ್ಬ್ ನೇರವಾಗಿ ಕೊಬ್ಬಾಗಿ ಮಾರ್ಪಡುವುದು ಮನುಷ್ಯರಲ್ಲಿ ಮಾಮೂಲಿ ಊಟದಲ್ಲಿ ತೀರಾ ಕಡಿಮೆ. ಆದರೆ ಕಾರ್ಬ್ ಜಾಸ್ತಿ ಸಿಕ್ಕಿದ ಹೊತ್ತಿನಲ್ಲಿ ದೇಹ ಅದನ್ನೇ ಉರಿಸುತ್ತದೆ, ಜೊತೆಗೆ ತಿಂದ ಕೊಬ್ಬನ್ನು ಎತ್ತಿಡುತ್ತದೆ. ಎರಡೂ ಅತಿಯಾದರೆ ಸೊಂಟಕ್ಕೇ ಸೇರುತ್ತದೆ. ಒಂದು ಹೊತ್ತಿನ ಪಂದಿ ಕರಿಗೆ ನನ್ನ ತಕರಾರಿಲ್ಲ. ಸ್ಪರ್ಧೆಗೆ ನಾಲ್ಕು ತಿಂಗಳಿರುವಾಗ ಮಾಂಸದ ತುಂಡು ಆರಿಸಿಕೊಂಡು, ನೆಣ ಪಕ್ಕಕ್ಕಿಡಿ.

ಬ್ರೌನ್ ರೈಸ್‌ನಲ್ಲಿ ನಾರು, ಮೆಗ್ನೀಷಿಯಂ ಸ್ವಲ್ಪ ಜಾಸ್ತಿ. ಇಷ್ಟವಾದರೆ ತಿನ್ನಿ. ಇಷ್ಟವಿಲ್ಲದೆ ಮೂಗು ಹಿಡಿದು ತಿನ್ನುವಷ್ಟು ಲಾಭ ಅದರಲ್ಲಿಲ್ಲ. ಆ ನಾರನ್ನು ಒಂದು ಬಟ್ಟಲು ಹುರುಳಿ ಪಲ್ಯದಿಂದ ಪಡೆಯಬಹುದು. ರಾಗಿಗೆ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ನಾರೂ ಇದೆ. ಆದರೆ ಹಿಟ್ಟು ಮಾಡಿ ಮುದ್ದೆ ಕಟ್ಟಿದಾಗ ಜನ ಅಂದುಕೊಂಡಷ್ಟು ನಿಧಾನದ ಕಾರ್ಬ್ ಅದಲ್ಲ. ಓಟ್ಸ್‌ನ ಗುಣ ಬೀಟಾ ಗ್ಲೂಕಾನ್ ಅನ್ನುವ ಲೋಳೆಯಂಥ ನಾರಿನಲ್ಲಿದೆ. ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತದೆ, ಕೊಲೆಸ್ಟ್ರಾಲ್‌ಗೂ ಒಳ್ಳೆಯದು. ಕಟ್ಟಿಂಗ್‌ನಲ್ಲಿ ಹಸಿವು ಕಾಡುವಾಗ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕೋಚ್ ಹೇಳಿದ್ದರಲ್ಲಿ ನಾನು ಒಪ್ಪುವ ಭಾಗ ಅದು.

ಮರಗೆಣಸು ನಮ್ಮಲ್ಲಿ ಬೇಕಾದಷ್ಟು. ಜಿಮ್ ಹುಡುಗರು ಅದನ್ನು ಯಾಕೋ ಮರೆತಿದ್ದಾರೆ. ಹಸಿಯ ತೂಕದಲ್ಲಿ 100 ಗ್ರಾಂಗೆ ಸುಮಾರು 38 ಗ್ರಾಂ ಕಾರ್ಬ್, ಸಿಹಿ ಗೆಣಸಿನಲ್ಲಿ 20. ಮರಗೆಣಸಿನಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಮೀನು ಸಾರು ಇರಲಿ. ಸಿಪ್ಪೆ ತೆಗೆದು ಚೆನ್ನಾಗಿ ಬೇಯಿಸಿ ನೀರು ಚೆಲ್ಲಲೇಬೇಕು, ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಬೈಂಬಳೆಗೂ (ಎಳೆ ಬಿದಿರು, ಕಳಲೆ) ಇದೇ ಮಾತು. ಅಂದಹಾಗೆ ಬೈಂಬಳೆ, ಮಳೆಗಾಲದ ಅಣಬೆ ಎರಡರಲ್ಲೂ ಕಾರ್ಬ್ ತೀರಾ ಕಡಿಮೆ. ಕಟ್ಟಿಂಗ್‌ನಲ್ಲಿ ತಟ್ಟೆ ತುಂಬಿಸಲು ಇವಕ್ಕಿಂತ ಬೇಕಾ? ತೆಂಗಿನಕಾಯಿ ಮಾತ್ರ ಕೈ ಬಿಗಿ ಹಿಡಿದು ಹಾಕಿ.

ಈಗ ಸಿಹಿಯ ವಿಷಯ. ಸಕ್ಕರೆ ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲ ಬಹುಪಾಲು ಅದೇ, ಸ್ವಲ್ಪ ಖನಿಜ ಸೇರಿದೆ. ಜೇನಿನಲ್ಲಿ ಫ್ರಕ್ಟೋಸ್ ಸುಮಾರು 38 ಶೇಕಡಾ, ಗ್ಲೂಕೋಸ್ 31ರ ಹತ್ತಿರ, ಉಳಿದದ್ದು ನೀರು ಮತ್ತಿತರೆ. ಫ್ರಕ್ಟೋಸ್‌ನ ಗ್ಲೈಸಿಮಿಕ್ ಇಂಡೆಕ್ಸ್ 20ರ ಸುತ್ತಮುತ್ತ ಮಾತ್ರ. ಕೇಳಿದರೆ ಅಬ್ಬಾ ಎಷ್ಟು ಒಳ್ಳೆಯದು ಅನ್ನಿಸುತ್ತದೆ. ಆದರೆ ರಕ್ತದ ಸಕ್ಕರೆ ಏರದಿರುವುದಕ್ಕೆ ಕಾರಣ, ಅದು ಹೆಚ್ಚಾಗಿ ಲಿವರ್‌ಗೆ ಹೋಗಿ ಅಲ್ಲೇ ಖರ್ಚಾಗುತ್ತದೆ. ಸ್ನಾಯುವಿಗೆ ನೇರವಾಗಿ ಅದರಿಂದ ಉಪಯೋಗವಿಲ್ಲ. ಲಿವರ್‌ನ ಪತ್ತಾಯ ಚಿಕ್ಕದು ಅಂದೆನಲ್ಲ, ಅದು ತುಂಬಿದ ಮೇಲೆ ಬರುವ ಫ್ರಕ್ಟೋಸ್ ಕೊಬ್ಬಾಗುವ ಸಾಧ್ಯತೆ ಜಾಸ್ತಿ. ಬಾಟಲಿ ಪಾನೀಯಗಳನ್ನು ದಿನವೂ ಕುಡಿಯುವವರಿಗೆ ಫ್ಯಾಟಿ ಲಿವರ್ ಭಯ ಇರುವುದು ಇದಕ್ಕೇ.

ಹಣ್ಣಿನ ಬಗ್ಗೆ ಇದೇ ಭಯ ಬೇಡ. ನಮ್ಮ ಕಿತ್ತಳೆ 100 ಗ್ರಾಂ ತಿಂದರೆ ಕಾರ್ಬ್ ಬರುವುದು 12 ಗ್ರಾಂ ಅಷ್ಟೇ, ಅದರಲ್ಲೂ ನೀರು ನಾರು ಎಲ್ಲ ಜೊತೆಗಿದೆ. ಬೆಳಿಗ್ಗೆ ಲಿವರ್ ಖಾಲಿ ಇರುವಾಗ ಒಂದು ಹಣ್ಣು ಒಳ್ಳೆಯದೇ. ಬಾಳೆಹಣ್ಣು ಕಾಯಿಯಾಗಿದ್ದಾಗ ಪಿಷ್ಟ, ಹಣ್ಣಾದಂತೆ ಸಕ್ಕರೆ. ಜಿಮ್‌ಗೆ ಮುಂಚೆ ಚೆನ್ನಾಗಿ ಕಳಿತದ್ದನ್ನೇ ತಿನ್ನಿ.

ಜೇನಿನ ವಿಷಯಕ್ಕೆ ನೇರ ಉತ್ತರ: ರುಚಿಗೆ ತಿನ್ನಿ, ಸಕ್ಕರೆಗಿಂತ ಕಡಿಮೆ ಕ್ಯಾಲರಿ ಅಂತ ತಿನ್ನಬೇಡಿ. ದೊಡ್ಡ ಚಮಚ ಒಂದಕ್ಕೆ 17 ಗ್ರಾಂ ಕಾರ್ಬ್, ಸುಮಾರು 64 ಕ್ಯಾಲರಿ. ಪ್ರವಾಸಿಗರಿಗೆ ಮಾರುವ ಬಾಟಲಿಯ ಮೇಲೆ 'ಕಾಡು ಜೇನು, ತೂಕ ಇಳಿಸುತ್ತದೆ' ಅಂತ ಬರೆದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಬೆಲ್ಲದ ಕಾಫಿಯೂ ಹಾಗೆಯೇ. ಎರಡು ಲೋಟ ಕುಡಿದರೆ ಎರಡು ಲೋಟದ ಬೆಲ್ಲ ಲೆಕ್ಕಕ್ಕೆ ಸೇರಿಸಿ. ಬಿಡಬೇಕಾಗಿಲ್ಲ.

ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೊತೆಯಾಗಿ ನಿಜವಾಗಿ ಕೆಲಸಕ್ಕೆ ಬರುವ ಒಂದು ಸಂದರ್ಭ ಇದೆ. ಕರುಳಿನಿಂದ ರಕ್ತಕ್ಕೆ ಗ್ಲೂಕೋಸ್ ದಾಟುವ ದಾರಿ ಗಂಟೆಗೆ ಸುಮಾರು 60 ಗ್ರಾಂಗೆ ತುಂಬಿಹೋಗುತ್ತದೆ. ಫ್ರಕ್ಟೋಸ್‌ಗೆ ಬೇರೆ ದಾರಿ. ಎರಡೂ ಸೇರಿದರೆ ಗಂಟೆಗೆ 90 ಗ್ರಾಂವರೆಗೂ ದೇಹ ಬಳಸಬಲ್ಲದು. ಇದು ಯಾರಿಗೆ ಬೇಕು? ಎರಡು ಮೂರು ಗಂಟೆ ಸೈಕಲ್ ತುಳಿಯುವವರಿಗೆ, ದೂರ ಓಡುವವರಿಗೆ. ಹಾಕಿ ಆಡುವವರಿಗೂ ಸ್ವಲ್ಪ ಮಟ್ಟಿಗೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬ ಹಾಕಿ ಹಬ್ಬ ನಡೆಯುವುದೇ ಬಿರು ಬೇಸಿಗೆಯಲ್ಲಿ. ಹತ್ತಿರ ಹತ್ತಿರ ಎರಡು ಪಂದ್ಯ ಇದ್ದರೆ ನಡುವೆ ಕಿತ್ತಳೆ, ಬಾಳೆಹಣ್ಣು, ಜೇನು ನೀರು ಚಿಟಿಕೆ ಉಪ್ಪು ಹಾಕಿ ಕುಡಿದರೆ ಉಪಯೋಗವಾಗುತ್ತದೆ. ಒಂದು ಗಂಟೆ ಜಿಮ್ ಮಾಡುವವರಿಗೆ ಕುಡಿಯಲು ನೀರು ಸಾಕು. ತಮಾಷೆ ಏನೆಂದರೆ, ಕಾರ್ಬ್ ಇರುವ ಪಾನೀಯವನ್ನು ನುಂಗದೆ ಬಾಯಿ ಮುಕ್ಕಳಿಸಿ ಉಗಿದರೂ ಸುಮಾರು ಒಂದು ಗಂಟೆಯ ಸೈಕಲ್ ಸವಾರಿಯಲ್ಲಿ ವೇಗ ಸ್ವಲ್ಪ ಹೆಚ್ಚಿದ್ದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ. ಬಾಯಿಗೆ ಕಾರ್ಬ್ ತಾಗಿದ ಕೂಡಲೇ ಮೆದುಳಿಗೆ ಧೈರ್ಯ ಬರುತ್ತದೆ ಅಂತ ಕಾಣುತ್ತದೆ.

ಮಾಸ್ ಗೇನರ್ ನಿಮಗೆ ಬೇಡ. ಡಬ್ಬದ ಹಿಂದೆ ಓದಿ ನೋಡಿ. ಎಷ್ಟೋ ಡಬ್ಬಗಳಲ್ಲಿ ಮೊದಲ ಹೆಸರು ಮಾಲ್ಟೋಡೆಕ್ಸ್ಟ್ರಿನ್. ಪಿಷ್ಟವನ್ನು ಕಾರ್ಖಾನೆಯಲ್ಲಿ ತುಂಡು ತುಂಡು ಮಾಡಿದ ಪುಡಿ ಅದು. ರಸಾಯನಶಾಸ್ತ್ರದ ಪ್ರಕಾರ ಸಕ್ಕರೆ ಅಲ್ಲ, ಹಾಗಾಗಿ 'ಸಕ್ಕರೆ ಸೇರಿಸಿಲ್ಲ', 'ಕಾಂಪ್ಲೆಕ್ಸ್ ಕಾರ್ಬ್' ಅಂತ ಬರೆಯಬಹುದು. ರಕ್ತಕ್ಕೆ ಹೋಗುವ ವೇಗ ಮಾತ್ರ ಗ್ಲೂಕೋಸ್‌ನಷ್ಟೇ. ನೀವು ಕೊಬ್ಬು ಇಳಿಸುವ ಹಂತದಲ್ಲಿದ್ದೀರಿ, ಸುಮ್ನೆ ಯಾಕೆ ದುಡ್ಡು ಹಾಳು? ಸ್ಪರ್ಧೆ ಮುಗಿದು ಮೈ ಏರಿಸುವ ಕಾಲ ಬಂದಾಗಲೂ ಪುತ್ತರಿ ಹಬ್ಬದ ತಂಬುಟ್ಟು ನೆನಪು ಮಾಡಿಕೊಳ್ಳಿ. ಹುರಿದ ಅಕ್ಕಿಯ ಹಿಟ್ಟು, ಕಳಿತ ಬಾಳೆಹಣ್ಣು. ಜೊತೆಗೆ ಹಾಲು, ಒಂದು ಅಳತೆ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಸೇರಿಸಿ ಕಲಸಿಕೊಂಡರೆ ಡಬ್ಬದ ಕೆಲಸವೇ ಆಗುತ್ತದೆ. ತುಪ್ಪವನ್ನು ಅವ್ವನ ಕೈಗೆ ಬಿಡಬೇಡಿ, ನೀವೇ ಹಾಕಿಕೊಳ್ಳಿ!

ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕಾರ್ಬ್ ತಿನ್ನದಿದ್ದರೆ ಎಲ್ಲ ವ್ಯರ್ಥ ಅನ್ನುವ ಮಾತನ್ನು ನೀವೂ ಕೇಳಿರಬೇಕು. ಅದರಲ್ಲಿ ಅರ್ಧ ನಿಜ. ಕೂಡಲೇ ತಿಂದರೆ ಗ್ಲೈಕೋಜನ್ ತುಂಬುವ ವೇಗ ಜಾಸ್ತಿ, ಎರಡು ಗಂಟೆ ತಡ ಮಾಡಿದರೆ ಆ ಹೊತ್ತಿನ ವೇಗ ಕಡಿಮೆ. ಆದರೆ ದಿನಕ್ಕೆ ಬೇಕಾದಷ್ಟು ಕಾರ್ಬ್ ಸಿಕ್ಕಿದರೆ 24 ಗಂಟೆ ಹೊತ್ತಿಗೆ ಎರಡೂ ಸಮ. ನಾಲ್ಕೈದು ಗಂಟೆಯೊಳಗೆ ಮತ್ತೆ ಅದೇ ಸ್ನಾಯುವನ್ನು ದುಡಿಸುವವರಿಗೆ ಮಾತ್ರ ಅವಸರ. ಅಂಥವರಿಗೆ ಗಂಟೆಗೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ನೀವು ಮನೆಗೆ ಹೋಗಿ ಸ್ನಾನ ಮಾಡಿ ಊಟಕ್ಕೆ ಕೂತರೆ ಸಾಕು.

ಇನ್ನೊಂದು ನಂಬಿಕೆ: ಕಾರ್ಬ್ ತಿಂದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಸ್ನಾಯು ಬೆಳೆಸುತ್ತದೆ, ಹಾಗಾಗಿ ವೇ ಜೊತೆ ಗ್ಲೂಕೋಸ್ ಪುಡಿ ಬೇಕೇ ಬೇಕು. ಇನ್ಸುಲಿನ್ ಸ್ನಾಯು ಕರಗುವುದನ್ನು ತಡೆಯುತ್ತದೆ, ನಿಜ. ಅದಕ್ಕೆ ಪ್ರೋಟೀನ್‌ನಿಂದ ಬರುವ ಸಣ್ಣ ಏರಿಕೆಯೇ ಸಾಕಾಗುತ್ತದೆ. ಪ್ರೋಟೀನ್ ಸರಿಯಾಗಿದ್ದಾಗ ಮೇಲೆ ಕಾರ್ಬ್ ಸುರಿದರೆ ಸ್ನಾಯು ಕಟ್ಟುವ ಕೆಲಸ ಹೆಚ್ಚುವುದಿಲ್ಲ ಅಂತ ಪ್ರಯೋಗಗಳಲ್ಲಿ ಕಂಡಿದೆ. ಕಾರ್ಬ್‌ನ ಕೆಲಸ ನಿಮ್ಮನ್ನು ಚೆನ್ನಾಗಿ ದುಡಿಸುವುದು. ಬೆಳೆಸುವುದು ದುಡಿಮೆ ಮತ್ತು ಪ್ರೋಟೀನ್.

ಸರಿ, ನಿಮ್ಮ ತಟ್ಟೆಗೆ ಬರೋಣ. ಮೈ ಏರಿಸುವ ಕಾಲದಲ್ಲಿ ಬಾಡಿಬಿಲ್ಡರ್‌ಗಳಿಗೆ ಕೆಜಿ ತೂಕಕ್ಕೆ 3ರಿಂದ 5 ಗ್ರಾಂ ಕಾರ್ಬ್ ಸಾಕು. ನಿಮಗೆ 216ರಿಂದ 360 ಗ್ರಾಂ. ಈಗ ಇಳಿಸುವ ಕಾಲ. ಮೊದಲು ಪ್ರೋಟೀನ್ ಗಟ್ಟಿ ಮಾಡಿ, ದಿನಕ್ಕೆ 150 ಗ್ರಾಂನ ಹತ್ತಿರ ಇರಲಿ. ಕೊಬ್ಬು ಒಟ್ಟು ಕ್ಯಾಲರಿಯ ಕಾಲು ಭಾಗದ ಒಳಗೆ. ಉಳಿದ ಜಾಗವೆಲ್ಲ ಕಾರ್ಬ್‌ಗೆ. ವಾರಕ್ಕೆ 350ರಿಂದ 700 ಗ್ರಾಂ ತೂಕ ಇಳಿದರೆ ಅದೇ ಸರಿಯಾದ ವೇಗ. ನಿಮಗೆ ದಿನಕ್ಕೆ 220 ಗ್ರಾಂ ಕಾರ್ಬ್‌ನಿಂದ ಶುರು ಮಾಡಿ ಅನ್ನುತ್ತೇನೆ. ಕಾಲು, ಬೆನ್ನಿನ ದಿನ 260ಕ್ಕೆ ಏರಿಸಿ, ರಜೆಯ ದಿನ 160ಕ್ಕೆ ಇಳಿಸಿ.

ಇದು ಎಷ್ಟು ಅನ್ನ? ಬೆಂದ ಅನ್ನ 100 ಗ್ರಾಂಗೆ 28 ಗ್ರಾಂ ಕಾರ್ಬ್. ಅಕ್ಕಿ ಹಿಟ್ಟು 100 ಗ್ರಾಂಗೆ ಸುಮಾರು 80. ಅಂದರೆ 50 ಗ್ರಾಂ ಹಿಟ್ಟಿನ ರೊಟ್ಟಿಗೆ 40 ಗ್ರಾಂ. ನಮ್ಮಲ್ಲಿ ರೊಟ್ಟಿಗೆ ಅನ್ನವನ್ನೂ ಸೇರಿಸಿ ನಾದುತ್ತಾರಲ್ಲ, ಅದನ್ನೂ ಲೆಕ್ಕ ಹಿಡಿಯಿರಿ. ಒಂದು ಅಡುಗೆ ತಕ್ಕಡಿ ತಗೊಳ್ಳಿ, ಒಂದು ವಾರ ತೂಗಿದರೆ ಕಣ್ಣಳತೆ ಬಂದುಬಿಡುತ್ತದೆ. ಬೆಳಿಗ್ಗೆ ಒಂದು ದೊಡ್ಡ ರೊಟ್ಟಿ ಅಥವಾ ಅಷ್ಟೇ ಹಿಟ್ಟಿನ ನೂಲ್‌ಪುಟ್ಟು, ಮೊಟ್ಟೆ, ಒಂದು ಕಿತ್ತಳೆ. ಮಧ್ಯಾಹ್ನ 200 ಗ್ರಾಂ ಅನ್ನ, ಕೋಳಿ ಅಥವಾ ಮೀನು, ತಟ್ಟೆಯ ಅರ್ಧ ತರಕಾರಿ. ಸಂಜೆ ಜಿಮ್‌ಗೆ ಒಂದು ಗಂಟೆ ಮುಂಚೆ ಎರಡು ಸಣ್ಣ ಬಾಳೆಹಣ್ಣು, ಬೇಕಾದರೆ ಕಪ್ಪು ಕಾಫಿ. ಆ ಹೊತ್ತಿಗೆ ಕಾಳು, ಹಲಸಿನ ಬೀಜ, ಓಟ್ಸ್ ಬೇಡ. ನಾರು ಹೊಟ್ಟೆಯಲ್ಲಿ ಗುಡುಗುವಾಗ ಸ್ಕ್ವಾಟ್ ಮಾಡುವುದು ನಿಮಗೂ ಕಷ್ಟ, ಪಕ್ಕದವರಿಗೂ ಕಷ್ಟ. ರಾತ್ರಿ ಮತ್ತೆ 200 ಗ್ರಾಂ ಅನ್ನ ಅಥವಾ ಅಷ್ಟೇ ಕಾರ್ಬ್‌ನ ಗೆಣಸು, ಮಾಂಸ, ಸೊಪ್ಪು. ಹಾಲು, ಬೇಳೆ, ತರಕಾರಿಯಿಂದ ಉಳಿದ 20–30 ಗ್ರಾಂ ಬಂದೇ ಬರುತ್ತದೆ. ರಾತ್ರಿ ಅನ್ನ ತಿಂದರೆ ದಪ್ಪ ಆಗುತ್ತಾರೆ ಅನ್ನುವ ಮಾತಿಗೆ ಹೆದರಬೇಡಿ, ನೀವು ಜಿಮ್‌ನಿಂದ ಬಂದ ಮೇಲಿನ ಊಟ ಅದು.

ಅಪ್ಪನಿಗೆ ಈ ಅಳತೆ ಅನ್ವಯಿಸುವುದಿಲ್ಲ. ಅವರು ಮೊದಲು ಪಲ್ಯ, ಮೊಟ್ಟೆ ತಿಂದು, ಕೊನೆಗೆ ಒಂದು ಸಣ್ಣ ರೊಟ್ಟಿ ತಿನ್ನಲಿ. ತಿನ್ನುವ ಕ್ರಮ ಬದಲಿಸಿದರೂ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಊಟವಾಗಿ ಹದಿನೈದು ನಿಮಿಷ ತೋಟದಲ್ಲಿ ನಡೆದರೆ ಇನ್ಸುಲಿನ್ ಇಲ್ಲದೆ ತೆರೆಯುವ ಬಾಗಿಲುಗಳು ತೆರೆಯುತ್ತವೆ. ಮಾತ್ರೆ ಅಥವಾ ಇಂಜೆಕ್ಷನ್ ಇದ್ದರೆ ಊಟ ಬದಲಿಸುವ ಮುಂಚೆ ಅವರ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಕೆಳಗಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಂದಾಗ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ ಇದೆ ಅಂತ ಗೊತ್ತಾಯಿತು. ಮನೆಯಲ್ಲಿ ಇರುವುದರಿಂದ ನೀವೂ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ, ಮೈಕಟ್ಟು ಚೆನ್ನಾಗಿದೆ ಅಂತ ಬಿಡಬೇಡಿ.

ಸ್ಪರ್ಧೆಯ ಕೊನೆಯ ವಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ವಾರ ಯಾರಾದರೂ ಬಂದು 'ನೀರು ನಿಲ್ಲಿಸು, ಅನ್ನ ತುಂಬು' ಅನ್ನುತ್ತಾರೆ. ಗ್ಲೈಕೋಜನ್ ಸ್ನಾಯುವಿನಲ್ಲಿ ಕೂರಲು ನೀರು ಬೇಕೇ ಬೇಕು ಅಂತ ಮೇಲೆ ಹೇಳಿದೆನಲ್ಲ? ನೀರಿಲ್ಲದೆ ಕಾರ್ಬ್ ತುಂಬಿದರೆ ಸ್ನಾಯು ಚಪ್ಪಟೆಯಾಗಿಯೇ ಉಳಿಯುತ್ತದೆ. ವೇದಿಕೆಗೆ ಮುಂಚಿನ ಒಂದೆರಡು ದಿನ ನಾರು ಮತ್ತು ಕೊಬ್ಬು ಕಡಿಮೆ ಮಾಡಿ, ಅನ್ನ ಹೆಚ್ಚಿಸಿ, ನೀರು ಮಾಮೂಲಿಯಾಗಿ ಕುಡಿಯಿರಿ. ಆ ಬಿಳಿ ಅನ್ನ ಇಂಥ ದಿನಕ್ಕೆ ಓಟ್ಸ್‌ಗಿಂತ ಒಳ್ಳೆಯದು, ಹೊಟ್ಟೆ ಉಬ್ಬುವುದಿಲ್ಲ. ಇದನ್ನು ಮೊದಲ ಸಲ ಸ್ಪರ್ಧೆಯ ದಿನವೇ ಮಾಡಬೇಡಿ, ಒಂದು ತಿಂಗಳು ಮುಂಚೆ ಒಮ್ಮೆ ಮಾಡಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ ಯಾರು ಕೊಟ್ಟರೂ ಮುಟ್ಟಬೇಡಿ, ಪೊಟ್ಯಾಸಿಯಂ ಏರುಪೇರಾಗಿ ಹೃದಯ ನಿಲ್ಲಬಹುದು. ಇನ್ಸುಲಿನ್ ಚುಚ್ಚಿಕೊಂಡರೆ ಕಾರ್ಬ್ ಎಲ್ಲ ಸ್ನಾಯುವಿಗೆ ಹೋಗುತ್ತದೆ ಅಂತ ಹೇಳುವವರೂ ಸಿಗಬಹುದು. ಮನೆಯ ಫ್ರಿಜ್‌ನಲ್ಲಿ ಅಪ್ಪನ ಇಂಜೆಕ್ಷನ್ ಇರಬಹುದು ಅಂತಲೇ ಬಿಡಿಸಿ ಹೇಳುತ್ತಿದ್ದೇನೆ. ರಕ್ತದಲ್ಲಿರುವ ಆ ನಾಲ್ಕೈದು ಗ್ರಾಂ ಗ್ಲೂಕೋಸ್ ಇಳಿದುಹೋದರೆ ಮೆದುಳು ಕೆಲಸ ನಿಲ್ಲಿಸುತ್ತದೆ, ಪ್ರಾಣ ಹೋಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ಅಂಥ ಸಲಹೆ ಕೊಟ್ಟವರು ನಿಮ್ಮ ಕೋಚ್ ಆಗಿದ್ದರೆ, ಕೋಚ್ ಬದಲಾಯಿಸಿ.